ಹಸಿದವರ ನಾಡಿನ ತೂಕ

ನನ್ನ ತಮ್ಮ ಚಂದ್ರಾಮ ತೀರಿಕೊಂಡ ಸಂಗತಿ ಫೋನಿಗಿಂತ ಮೊದಲು ನನಗೆ ಮೇಜಿನಿಂದ ತಿಳಿಯಿತು. ಆ ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಪುರಾಣ ಓದಲೆಂದು ಪಡಸಾಲೆಗೆ ಬಂದೆ. ಪುರಾಣದ ಹೊತ್ತಿಗೆ ಇಡುವ ನನ್ನ ಗಿಡ್ಡ ಮೇಜಿನ ಮೇಲೆ ಅವನ ಟ್ಯಾಬ್ ಮಲಗಿತ್ತು. ಅವನ ಕೋಣೆಯ ಪ್ಲಗ್ಗು ಸುಟ್ಟು ನಾಲ್ಕು ದಿನವಾಗಿತ್ತು. ಮೊದಲ ಬಸ್ಸಿಗೆ ಪಕ್ಕದ ಊರಿನ ಕಣ್ಣಿನ ದವಾಖಾನೆಗೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ಇಲ್ಲಿ ಚಾರ್ಜಿಗೆ ಹಚ್ಚಿ ಹೋಗಿದ್ದ. ದೆವ್ವಗಳ ಚಿತ್ರ ನೋಡುವ ವಸ್ತುವನ್ನು ಪುರಾಣದ ಜಾಗದಲ್ಲಿ ಇಟ್ಟನಲ್ಲ ಎಂದು ಸಿಟ್ಟು ಬಂತು. ಎತ್ತಿ ಬದಿಗಿಡಲು ಎಡಗೈ ಹಾಕಿದೆ. ಬರಲಿಲ್ಲ. ವೈರು ಎಲ್ಲೋ ಸಿಕ್ಕಿಕೊಂಡಿದೆ ಎಂದು ಜಗ್ಗಿದೆ. ವೈರು ಕಿತ್ತು ಕೈಗೆ ಬಂತು, ಟ್ಯಾಬ್ ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ, ಮೊಣಕಾಲು ಊರಿ ಎತ್ತಿದೆ. ನೆಲದೊಳಗೆ ಬೇರು ಬಿಟ್ಟ ಕಲ್ಲಿನ ಹಾಗಿತ್ತು ಅದು. ಆಗ ನನ್ನ ಕೈಗಳಿಗೆ ಮೊದಲು ಅರ್ಥವಾಯಿತು, ಆಮೇಲೆ ನನಗೆ. ಗೋಡೆಗೆ ಒರಗಿ ಕುಳಿತೆ. ಗಡಿಯಾರದಲ್ಲಿ ಹತ್ತೂ ಇಪ್ಪತ್ತಾಗಿತ್ತು.

ಫೋನು ಬಂದದ್ದು ಹನ್ನೊಂದೂವರೆಗೆ. ಗುರುತಿಲ್ಲದ ಗಂಡಸಿನ ದನಿ.

"ಚಂದ್ರಾಮಪ್ಪ ಅಂತ ನಿಮಗ ಏನಾಗಬೇಕ್ರಿ?"

"ತಮ್ಮ."

"ಅಜ್ಜಾರ, ಒಂದೀಟು ಕುಂತು ಮಾತಾಡ್ರಿ. ಅವರು ದವಾಖಾನಿ ಪಾಳಿಯೊಳಗ ಕುಂತಿದ್ರು. ಹೆಸರು ಕರೆದ್ರ ಏಳಲಿಲ್ಲ. ನಿದ್ದಿ ಹತ್ತೇತೇನೋ ಅಂತ ತಿಳಿದಿದ್ವಿ."

"ಗೊತ್ತಾಗೇತಪ್ಪ," ಎಂದೆ. "ಹತ್ತೂ ಇಪ್ಪತ್ತಕ್ಕ ಗೊತ್ತಾತು."

ಹೇಗೆ ಗೊತ್ತಾಯಿತೆಂದು ಆತ ಎರಡು ಸಲ ಕೇಳಿದ. ಪಕ್ಕದ ಊರಿನವರಿಗೆ ನಮ್ಮ ಊರಿನ ರೀತಿ ಗೊತ್ತಿಲ್ಲ.

ನಮ್ಮ ಊರಿನಲ್ಲಿ ಸತ್ತವರ ಭಾರ ಅವರು ಬಹಳ ಪ್ರೀತಿಸಿದ ವಸ್ತುವಿಗೆ ಬರುತ್ತದೆ. ಆ ಜೀವದೊಡನೆ ಒಂದೇ ಸೂರಿನಡಿ ಬಾಳಿದವರು ಆ ವಸ್ತುವಿನ ಗುಣವನ್ನೂ ದೋಷವನ್ನೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಮಾತು ನಿಜವಾದರೆ ವಸ್ತು ಹಗುರಾಗುತ್ತದೆ, ಸುಳ್ಳಾದರೆ ನೆಲದೊಳಗೆ ಇನ್ನಷ್ಟು ಇಳಿಯುತ್ತದೆ. ಮಾತನಾಡದಿದ್ದರೂ ದಿನಕ್ಕೆ ಒಂದು ಬೆರಳಿನಷ್ಟು ತಾನಾಗಿಯೇ ಇಳಿಯುತ್ತದೆ. ನೆಲದ ಮಟ್ಟ ಮುಟ್ಟುವ ಮೊದಲು ಅದನ್ನು ಎತ್ತಿದರೆ ಆ ಜೀವ ದಾರಿ ಹಿಡಿಯಿತು ಎಂದು ಅರ್ಥ. ಇದು ನಮ್ಮ ಅಜ್ಜಂದಿರ ಕಾಲದಿಂದ ಹೀಗೇ ಇದೆ. ಆದ್ದರಿಂದ ನಮ್ಮ ಬಡಿಗರು ಮೇಜಿನ ಕಾಲುಗಳನ್ನು ಆನೆಯ ಕಾಲಿನಂತೆ ಮಾಡುತ್ತಾರೆ, ವಯಸ್ಸಾದವರು ಸಣ್ಣ ಸಣ್ಣ ವಸ್ತುಗಳನ್ನೇ ಪ್ರೀತಿಸಲು ಅಭ್ಯಾಸ ಮಾಡುತ್ತಾರೆ. ಹಿಂದಿನ ಓಣಿಯ ಅತ್ತೆಯೊಬ್ಬಳು ಸತ್ತಾಗ ಭಾರವೆಲ್ಲ ಉಪ್ಪಿನಕಾಯಿ ಜಾಡಿಗೆ ಬಂದಿತ್ತು. ಸೊಸೆ ಹತ್ತು ದಿನ ಹೊಗಳಿ ಹೊಗಳಿ ಜಾಡಿಯನ್ನು ಕುತ್ತಿಗೆಯವರೆಗೆ ಇಳಿಸಿ, ಕೊನೆಗೆ ಅಳುತ್ತ, "ಮೂವತ್ತು ವರ್ಷದಿಂದ ಉಪ್ಪು ಜಾಸ್ತಿನೇ ಇತ್ತವ್ವಾ!" ಎಂದಳು. ಜಾಡಿ ನೀರೊಳಗಿನ ಬೆಂಡಿನಂತೆ ಮೇಲೆ ಬಂತು. ಆದರೆ ಎಲ್ಲರಿಗೂ ಹಾಗಾಗುವುದಿಲ್ಲ. ಗಡಿಯಾರದ ಗೋಪುರವನ್ನು ಪ್ರೀತಿಸಿದ ಒಬ್ಬ ಒಂಟಿ ಮನುಷ್ಯನಿದ್ದ. ಗೋಪುರದ ದೋಷ ಹೇಳುವಷ್ಟು ಅವನನ್ನು ಬಲ್ಲವರು ಯಾರೂ ಇರಲಿಲ್ಲ. ಈಗ ಅಲ್ಲಿ ಬಾವಿ ಇದೆ. ನೀರು ಸೇದುವಾಗ ಕೆಳಗಿನಿಂದ ಗಂಟೆ ಹೊಡೆಯುವುದು ಕೇಳಿಸುತ್ತದೆ. ಹೆಂಗಸರು ಕೊಡ ಕೆಳಗಿಟ್ಟು, ಹೊಡೆದು ಮುಗಿಯುವವರೆಗೆ ನಿಂತು, ಮತ್ತೆ ಹಗ್ಗ ಹಿಡಿಯುತ್ತಾರೆ.

ಚಂದ್ರಾಮನನ್ನು ಮರುದಿನ ಮಣ್ಣು ಮಾಡಿದೆವು. ಮೂರನೆಯ ದಿನ ತೂಕದ ನೀಲಮ್ಮ ಬಂದಳು. ವಸ್ತುವನ್ನು ಮುಟ್ಟಿ ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು, ಹೇಳಿದ ಮಾತಿಗೆ ಸಾಕ್ಷಿಯಾಗಿ ಕೂರುವುದು ಅವಳ ಮನೆತನದ ಕೆಲಸ. ಐವತ್ತೈದು ದಾಟಿದ ಹೆಂಗಸು. ಮೂರನೆಯ ಇಯತ್ತೆಯಲ್ಲಿ ನನ್ನ ಹತ್ತಿರ ಕನ್ನಡ ಕಲಿತವಳು. ಮೇಜಿನ ಪಕ್ಕ ನೆಲಕ್ಕೆ ಕೈಯಿಟ್ಟು ಬೆರಳೆಣಿಸಿದಳು.

"ಹದಿನೆಂಟು ಬೆರಳ ಉಳದೈತ್ರಿ ಮಾಸ್ತರ. ಇದರೊಳಗ ಏನ್ ನೋಡ್ತಿದ್ದ ಚಂದ್ರಾಮ ಕಾಕಾ?"

"ಜಪಾನದವರ ಗೊಂಬಿ ಆಟ, ಕಾರ್ಟೂನ್ ಅಂತಾರಲ್ಲ. ಹಸಿದವರ ನಾಡು ಅಂತ."

"ಅಯ್ಯ, ನಮ್ಮ ಮೊಮ್ಮಕ್ಕಳ ಅಂಗಿ ಮ್ಯಾಲ ಇರ್ತೈತಲ್ಲ, ಕೋಲಿನ ತುದಿಗೆ ಬೆಂಕಿ ಹಿಡಕೊಂಡ ಹುಡುಗಿ! ಜಗತ್ತೆಲ್ಲ ಅದನ್ನ ನೋಡಾಕತ್ತೈತಂತ. ನೀವು ನೋಡೀರೇನು?"

"ಇಲ್ಲ."

"ಒಂದ ಮನಿಯಾಗ ಇದ್ದು?"

ಹೋದ ವರ್ಷದಿಂದ ಚಂದ್ರಾಮ ಅದನ್ನು ಮನೆಯಲ್ಲಿ ನೋಡುತ್ತಿರಲಿಲ್ಲ. ಎದುರಿಗಿನ ಮೆಹಬೂಬಿಯ ಹೊಲಿಗೆ ಅಂಗಡಿಯಲ್ಲಿ ಮಧ್ಯಾಹ್ನ ಕುಳಿತು ನೋಡುತ್ತಿದ್ದ. ಅದಕ್ಕೆ ನನ್ನದೇ ಒಂದು ಮಾತು ಕಾರಣ. ಅದನ್ನು ಮುಂದೆ ಹೇಳುತ್ತೇನೆ.

ಹೊರಗಿನವರಿಗೆ ಒಂದು ಸಲ ಹೇಳುವ ಅವಕಾಶವಿದೆ. ಅದಕ್ಕೆ ಮೆಹಬೂಬಿಯನ್ನು ಕರೆದೆವು. ನಲವತ್ತರ ಆಸುಪಾಸಿನವಳು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಮೇಜಿನ ಮುಂದೆ ಕುಳಿತು ಸೆರಗು ಸರಿಮಾಡಿಕೊಂಡಳು. "ಇದರಾಗ ಕೊರತಿ ಅನ್ನೂದು ಇಲ್ಲ. ಎಲ್ಲಾ ಚೊಲೋ ಐತಿ. ಅದರೊಳಗ ಆ ಕೋಟೆ ಬಾಗಿಲ ಭಾಗ ಐತೆಲ್ಲ, ತಾಯಿ ಮಗಳು ಕೂಡೂದು, ಅದರಂಥಾದ್ದು ನಾ ಎಲ್ಲೂ ಕೇಳಿಲ್ಲ," ಎಂದಳು. ಅವಳ ಕಣ್ಣು ತುಂಬಿದ್ದವು. ಆ ಮಾತಿನಲ್ಲಿ ಕಪಟವಿರಲಿಲ್ಲ. ಆದರೂ ನೆಲಕ್ಕೆ ಹಾಸಿದ ಪರಸಿಕಲ್ಲು ಕರಕರ ಎಂದು, ಮೇಜು ಮೂರು ಬೆರಳು ಇಳಿಯಿತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಖರೇನ ಹೇಳೀನಿ, ದೊಡ್ಡ ಕಾಕಾ. ದೇವರಾಣಿ!"

"ಗೊತ್ತೈತವಾ," ಎಂದಳು ನೀಲಮ್ಮ, ತನಗೂ ಅರ್ಥವಾಗದ ಮುಖದಿಂದ. "ಹದಿನೈದು ಉಳದಾವ. ಮಾಸ್ತರ, ಇನ್ನ ನೀವ ನೋಡಬೇಕು. ಪೂರ್ತಿ."

ಹೀಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಗೊಂಬೆಯಾಟ ನೋಡಲು ಕುಳಿತೆ. ಟ್ಯಾಬನ್ನು ಎತ್ತಲು ಬಾರದ್ದರಿಂದ ಅದರ ಮುಂದೆ ನಾನೇ ಬಾಗಬೇಕಾಯಿತು. ಹಿಂದೆ ತಲೆದಿಂಬು, ಕೈಯಲ್ಲಿ ಭೂತಗನ್ನಡಿ. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಒಂದೊಂದಾಗಿ ನಿಲ್ಲಿಸಿ ಓದಿಕೊಳ್ಳುತ್ತಿದ್ದೆ. ಒಂದು ಭಾಗ ಇಪ್ಪತ್ತನಾಲ್ಕು ನಿಮಿಷ. ನನಗೆ ಒಂದು ತಾಸು ಹಿಡಿಯುತ್ತಿತ್ತು. ಒಟ್ಟು ನಲವತ್ತು ಭಾಗಗಳು. ಪೂಜೆ, ಊಟ ಬಿಟ್ಟು ಹಗಲೆಲ್ಲ ಅದೇ ಕೆಲಸ. ದಿನಾ ಮೇಜು ಒಂದು ಬೆರಳು ಇಳಿಯುತ್ತಿತ್ತು, ನಾನು ಒಂದು ಬೆರಳು ಹೆಚ್ಚು ಬಾಗುತ್ತಿದ್ದೆ.

ಕಥೆ ಇಷ್ಟು. ಒಂದು ನಾಡಿನಲ್ಲಿ ಸೂರ್ಯ ಆರಿಹೋಗಿದ್ದಾನೆ. ಬೆಳೆ ಇಲ್ಲ. ಹಸಿವಿನಿಂದ ಸತ್ತವರು ಕತ್ತಲಲ್ಲಿ ಮತ್ತೆ ಎದ್ದು, ಬಾಯಿ ಮಾತ್ರ ದೊಡ್ಡದಾದ ಪ್ರಾಣಿಗಳಾಗಿ ತಿರುಗುತ್ತಾರೆ. ಹಿಸಾಯೆ ಎಂಬ ಹುಡುಗಿ ಕೋಲಿನ ತುದಿಗೆ ಬೆಂಕಿಯ ಮಡಕೆ ಕಟ್ಟಿಕೊಂಡು ಊರಿಂದ ಊರಿಗೆ ದೀಪ ಹಚ್ಚುತ್ತ ನಡೆಯುತ್ತಾಳೆ. ಆ ಹಸಿದವರು ಒಮ್ಮೆ ಅವಳ ಕೈ ಮುಟ್ಟಿದರು ಎಂಬ ಕಾರಣಕ್ಕೆ, ಕೋಟೆಯ ಕಾವಲಿನಲ್ಲಿದ್ದ ಅವಳ ಹೆತ್ತ ತಾಯಿಯೇ ಬಾಗಿಲು ಹಾಕಿ ಅವಳನ್ನು ಹೊರಗೆ ಬಿಟ್ಟಿದ್ದಾಳೆ. ಮೊದಲ ಭಾಗದಲ್ಲೇ ಆ ಬಾಗಿಲು ಬೀಳುವ ಸದ್ದಿಗೆ ನಾನು ಬೆಚ್ಚಿದೆ.

ಮೊದಲ ಎರಡು ದಿನ ನಾನು ಶಿವ ಶಿವ ಎಂದುಕೊಳ್ಳುತ್ತಲೇ ನೋಡಿದೆ. ಮೂರನೆಯ ದಿನ ಶಿವ ಶಿವ ಎನ್ನುವುದನ್ನು ಮರೆತೆ. ಆ ದಿನಗಳು ನನಗೆ ಈಗಲೂ ಸರಿಯಾಗಿ ಬಿಡಿಬಿಡಿಯಾಗಿ ನೆನಪಿಲ್ಲ. ಕಿಟಕಿಯ ಬಿಸಿಲು ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿತ್ತು, ನಾನು ಸೂರ್ಯನಿಲ್ಲದ ನಾಡಿನಲ್ಲಿರುತ್ತಿದ್ದೆ. ಅಂಗಳಕ್ಕೆ ಹೋದರೆ ತುಳಸಿಯ ಕಟ್ಟೆ, ತಂತಿಯ ಮೇಲೆ ಒಣಗಿದ ಅವನ ಪಂಚೆ, ಎಲ್ಲವೂ ನೀಲಿ ಬಣ್ಣದಲ್ಲಿ ಬರೆದಂತೆ ಕಾಣುತ್ತಿದ್ದವು. ಒಮ್ಮೆ ಅನ್ನಕ್ಕೆ ಅಕ್ಕಿ ತೊಳೆಯುತ್ತ ಒಂದು ಹಿಡಿಯನ್ನು ತೆಗೆದು ಬಾಗಿಲ ಹೊರಗೆ ಚೆಲ್ಲಿದೆ. ಯಾಕೆಂದು ನನಗೇ ತಿಳಿಯಲಿಲ್ಲ. ಆಮೇಲೆ ನೆನಪಾಯಿತು: ಹಿಸಾಯೆ ಆ ಪ್ರಾಣಿಗಳನ್ನು ಕೊಲ್ಲುವಾಗ ಹಾಗೆ ಮಾಡುತ್ತಾಳೆ. ಹೊಡೆದಾಡಿ ನೆಲಕ್ಕೆ ಕೆಡವಿದ ಮೇಲೆ ಅದರ ಬಾಯಿಗೆ ಒಂದು ಹಿಡಿ ಅನ್ನ ಹಾಕುತ್ತಾಳೆ, ಅದರ ಹಳೆಯ ಹೆಸರು ಕೇಳುತ್ತಾಳೆ. ಹೆಸರು ಹೇಳಿದ ಮೇಲೆಯೇ ಅದು ಸಾಯುತ್ತದೆ.

ಮೆಹಬೂಬಿ ಮಧ್ಯಾಹ್ನ ಚಹಾ ತಂದಿಟ್ಟು, "ಎಷ್ಟನೇದಕ್ಕ ಬಂದ್ರಿ ದೊಡ್ಡ ಕಾಕಾ?" ಎಂದು ಕೇಳುತ್ತಿದ್ದಳು.

"ಹದಿನೇಳು. ಒಂದ ಜಗಳ ನಾಕು ಭಾಗ ಆತು, ಇನ್ನೂ ಮುಗಿದಿಲ್ಲ."

"ಇನ್ನೂ ಎರಡೈತಿ ತಗೋರಿ. ಚಂದ್ರಾಮ ಕಾಕಾ ಅದನ್ನ ಹಾರಿಸಿ ಹಾರಿಸಿ ಹೇಳ್ತಿದ್ರು. 'ಹೊಡದ, ಬಿದ್ದ, ಎದ್ದ, ಮತ್ತ ಹೊಡದ. ನೀ ತೋಳ ಹೊಲಿ' ಅಂತಿದ್ರು."

ನಗು ಬಂತು. ತಮ್ಮ ಸತ್ತ ಮೇಲೆ ಅದೇ ಮೊದಲು ನಕ್ಕದ್ದು. ನಕ್ಕದ್ದಕ್ಕೆ ನಾಚಿಕೆಯೂ ಆಯಿತು.

ಚಂದ್ರಾಮ ತೀರಿಕೊಂಡ ಹನ್ನೆರಡನೆಯ ದಿನ ನಲವತ್ತನೆಯ ಭಾಗ ಮುಗಿಯಿತು. ಕಥೆ ಅಲ್ಲಿಗೆ ಮುಗಿದಿಲ್ಲ, ಮುಂದಿನದು ಇನ್ನೂ ತಯಾರಾಗಬೇಕಂತೆ. ಆರು ಬೆರಳು ಉಳಿದಿತ್ತು. ನೀಲಮ್ಮನನ್ನು ಕರೆಸಿದೆ. ಸ್ನಾನ ಮಾಡಿ, ಮಡಿಯುಟ್ಟು, ಮೇಜಿನ ಮುಂದೆ ಪದ್ಮಾಸನ ಹಾಕಿ ಕುಳಿತೆ.

"ಈ ಮಹಾಕೃತಿಯು ಕಲ್ಪನೆಯ ಔನ್ನತ್ಯದಿಂದಲೂ, ಪಾತ್ರಗಳ ವೈವಿಧ್ಯದಿಂದಲೂ..."

"ಮಾಸ್ತರ," ಎಂದಳು ನೀಲಮ್ಮ, "ಇದು ನಿಬಂಧ ಆತು. ಹಿಂಗ ಬರದ್ರ ನಮಗ ಹತ್ತಕ್ಕ ನಾಕು ಕೊಡ್ತಿದ್ರಿ ನೀವು. ನಿಮಗೇನ ಅನಸ್ತು, ಅದನ್ನ ಹೇಳ್ರಿ."

ನಾನು ಕಾಲು ಸಡಿಲಿಸಿ ಕುಳಿತು ಮತ್ತೆ ಶುರು ಮಾಡಿದೆ. ಮೊದಲು ದೋಷ ಹೇಳುವುದು ನನಗೆ ಸುಲಭವಾಯಿತು. ಹದಿನಾಲ್ಕರಿಂದ ಹತ್ತೊಂಬತ್ತರವರೆಗಿನ ಜಗಳ ಒಂದು ಭಾಗದಲ್ಲಿ ಮುಗಿಯಬೇಕಾದದ್ದು ಎಂದೆ. ರಕ್ತವನ್ನು ಓಕುಳಿಯಂತೆ ಎರಚುತ್ತಾರೆ. ಮೊದಲ ಹನಿಗೆ ಆಗುವ ಹೆದರಿಕೆ ನೂರನೆಯ ಕೊಡಕ್ಕೆ ಆಗುವುದಿಲ್ಲ. ಗಂಡಸು ಸಿಪಾಯಿಗಳಿಗೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಕವಚ ಕೊಟ್ಟವರು ಹೆಂಗಸು ಸಿಪಾಯಿಗಳಿಗೆ ಗೇಣು ಬಟ್ಟೆ ಕೊಟ್ಟಿದ್ದಾರೆ, ಬರೆದವರಿಗೆ ಅಕ್ಕತಂಗಿಯರಿರಲಿಲ್ಲವೇ? ಇನ್ನು, ಯಾವನಾದರೂ ತನ್ನ ಬಾಲ್ಯದ ಕಥೆ ಹೇಳಲು ಶುರು ಮಾಡಿದರೆ ಅವನು ಆ ಭಾಗದಲ್ಲೇ ಸಾಯುತ್ತಾನೆ. ಮೂರು ಸಲ ಆದ ಮೇಲೆ, ಯಾರು ಬಾಯಿ ತೆರೆದರೂ "ಮಾತಾಡಬ್ಯಾಡೋ, ಸುಮ್ಮನಿರೋ" ಎಂದು ನಾನೇ ಕೂಗಿಕೊಳ್ಳುತ್ತಿದ್ದೆ. ಇದನ್ನು ಕೇಳಿ ನೀಲಮ್ಮ ಜೋರಾಗಿ ನಕ್ಕಳು. ಅವಳು ನಗುತ್ತಿರುವಾಗಲೇ ಕಲ್ಲು ಉಸಿರು ಬಿಟ್ಟಂತಾಗಿ, ಮೇಜು ಎರಡು ಬೆರಳು ಮೇಲೆ ಬಂತು.

ನನಗೆ ಧೈರ್ಯ ಬಂತು. ಆಗ ಗುಣ ಹೇಳಲು ಹೊರಟೆ. "ಇದರೊಳಗಿನ ಶ್ರೇಷ್ಠ ಭಾಗ ಇಪ್ಪತ್ತೇಳನೇದು," ಎಂದೆ. "ಹಿಸಾಯೆ ಎಷ್ಟೋ ವರ್ಷಕ್ಕ ಕೋಟೆ ಬಾಗಿಲಿಗೆ ತಿರುಗಿ ಬರ್ತಾಳ. ತಾಯಿ ಬಾಗಿಲಾ ತಗದು, 'ತಪ್ಪಾತು ಮಗಳ' ಅಂತ ಒಂದ ಮಾತು ಅಂತಾಳ. ಮಗಳು ಓಡಿ ಬಂದು ಅಪ್ಪಿಕೋತಾಳ. ವಾದ್ಯ ಬಾರಿಸ್ತಾವ. ನಾ ಅವತ್ತು ಊಟ ಮಾಡಲಿಲ್ಲ. ಅತ್ತೀನಿ. ಕ್ಷಮಾ ಅನ್ನೂದು ಹೆಂಗಿರಬೇಕೋ ಹಂಗ ತೋರಿಸ್ಯಾರ."

ಮೇಜು ಕಾಲು ಮುರಿದ ಎತ್ತಿನಂತೆ ಕುಸಿಯಿತು. ಆರು ಬೆರಳು. ಒಂದೇ ಸಲಕ್ಕೆ. ಪರಸಿಕಲ್ಲು ಒಡೆದು ನಾಲ್ಕೂ ಕಡೆ ಗೆರೆ ಬಿಟ್ಟಿತು. ನೀಲಮ್ಮ ನೆಲಕ್ಕೆ ಕೈಯಿಟ್ಟು ನೋಡಿದಳು.

"ಎರಡ ಉಳದಾವ್ರಿ. ನಾಳಿಗೆ ಒಂದ."

"ನಾ ಅತ್ತದ್ದು ಸುಳ್ಳೇನವಾ?"

"ಅತ್ತದ್ದು ಖರೇನ ಇರಬೇಕ್ರಿ ಮಾಸ್ತರ. ಹೇಳಿದ್ದರಾಗ ಎಲ್ಲೋ ಸುಳ್ಳೈತಿ. ಮೆಹಬೂಬಿನೂ ಇದ ಬಾಗಿಲಾ ಹೊಗಳಿ ಇಳಿಸಿದ್ಳು. ಆ ಬಾಗಿಲದಾಗ ಏನೋ ಐತಿ. ನಾಳೆ ಹೊತ್ತು ಮುಳುಗೂದರೊಳಗ ನೋಡ್ರಿ. ಅದರಾಚಿ ನನ್ನ ಕೈಯಾಗೂ ಇಲ್ಲ." ಬಾಗಿಲವರೆಗೆ ಹೋದವಳು ತಿರುಗಿ ಬಂದು, ಸಣ್ಣವಳಿದ್ದಾಗ ಪಾಟಿ ತೋರಿಸಲು ಬರುತ್ತಿದ್ದಂತೆ ಒಂದು ಗಳಿಗೆ ನನ್ನ ಮುಂದೆ ನಿಂತು ಹೋದಳು.

ಮರುದಿನ ಬೆಳಿಗ್ಗೆ ನಾನೇ ಮೆಹಬೂಬಿಯ ಅಂಗಡಿಗೆ ಹೋದೆ. ಅಂಗಡಿ ಶುರುವಾದಾಗಿನಿಂದ ಆ ಹೊಸ್ತಿಲು ದಾಟಿರಲಿಲ್ಲ. ಮಿಷನ್ನಿನ ಪಕ್ಕ ಒಂದು ಕಬ್ಬಿಣದ ಕುರ್ಚಿ. ಅದರ ಮೇಲೆ ಚೂರು ಬಟ್ಟೆಗಳಿಂದ ಹೊಲಿದ ಮೆತ್ತೆ. ಅಲ್ಲಿ ಅವನು ಕೂರುತ್ತಿದ್ದ ಎಂದು ಅವಳು ಹೇಳಬೇಕಾಗಿರಲಿಲ್ಲ. ನಾನು ನಿಂತೇ ಮಾತನಾಡಿದೆ.

"ಆ ಬಾಗಿಲ ಭಾಗ ನಿನಗ್ಯಾಕ ಅಷ್ಟ ಚೊಲೋ ಅನಸ್ತು ಮೆಹಬೂಬಿ?"

"ಯಾಕಂದ್ರ, ಆ ಹುಡುಗಿ ಏಳು ದಿನ ಹೊರಗ ಕುಂತಳಲ್ರಿ."

"ಎಲ್ಲಿ ಹೊರಗ?"

"ಬಾಗಿಲ ಮುಂದ. ತಾಯಿ ತಪ್ಪಾತು ಅಂದ ಕೂಡ್ಲೆ ಒಳಗ ಹೋಗಲಿಲ್ಲ ಆಕಿ. 'ಇವತ್ತ ಆಗಂಗಿಲ್ಲವ್ವಾ, ನಾಳೆ ಕೇಳು' ಅಂದ್ಳು. ತಾಯಿ ದಿನಾ ಒಂದು ಬುತ್ತಿ ತಂದಿಟ್ಟು ದಿನಾ ಕೇಳಿದ್ಳು. ಆರು ದಿನ ಬುತ್ತಿ ಹಂಗ ತಿರುಗಿ ಹೋತು. ಏಳನೇ ದಿನ ತಾಯಿ ಏನೂ ಕೇಳಲಿಲ್ಲ, ಮಗ್ಗಲದಾಗ ಬಂದು ಕುಂತ್ಳು. ಆವಾಗ ಹುಡುಗಿ ಬುತ್ತಿ ಬಿಚ್ಚಿ ಒಂದು ತುತ್ತು ತಿಂದ್ಳು." ಅವಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟಳು. "ನೀವೂ ನೋಡೀರಲ್ರಿ."

"ಅದು ಅದರಾಗ ಇಲ್ಲ ಮೆಹಬೂಬಿ."

"ಇಲ್ಲ ಅಂದ್ರ?"

ಅವಳನ್ನು ಮನೆಗೆ ಕರೆತಂದು ಇಪ್ಪತ್ತೇಳನೆಯ ಭಾಗ ಹಾಕಿದೆ. ಇಬ್ಬರೂ ನೆಲಕ್ಕೆ ಬಾಗಿ ನೋಡಿದೆವು. ಬಾಗಿಲು ತೆರೆಯಿತು, ತಾಯಿ ಒಂದು ಮಾತು ಅಂದಳು, ಮಗಳು ಓಡಿ ಅಪ್ಪಿಕೊಂಡಳು, ವಾದ್ಯ ಮೊಳಗಿತು. ಎಲ್ಲ ಸೇರಿ ಎರಡು ನಿಮಿಷ. ಮೆಹಬೂಬಿ ಮುಂದಿನ ಭಾಗವನ್ನೂ ಹಾಕಿಸಿದಳು, ಹಿಂದಿನದನ್ನೂ ಹಾಕಿಸಿದಳು. ಏಳು ದಿನ ಎಲ್ಲಿಯೂ ಇರಲಿಲ್ಲ.

"ನಾ ಹೊಲಕೋತ ಕುಂದ್ರತಿದ್ದೆ," ಎಂದಳು ನಿಧಾನವಾಗಿ. "ಸೂಜಿ ಮ್ಯಾಲ ಕಣ್ಣಿರತಿತ್ತು. ಕಾಕಾ ಓದಿ ಹೇಳ್ತಿದ್ರು, ನಾ ಕೇಳ್ತಿದ್ದೆ. ಹಂಗಾರ ನಾ ಕೇಳಿದ್ದು ಯಾರ ಕತಿ?"

"ಚಂದ್ರಾಮಂದು."

"ಮುದುಕ ಕಳ್ಳ," ಎಂದಳು. ಬೈಗುಳ ಅವಳ ಬಾಯಲ್ಲಿ ಹರಕೆಯಂತೆ ಕೇಳಿಸಿತು. ಆಮೇಲೆ ಏನೋ ನೆನಪಾಗಿ ನನ್ನತ್ತ ತಿರುಗಿದಳು. "ಅವತ್ತು ಅವರು ಭಾಳ ಹೊತ್ತು ಸುಮ್ಮ ಕುಂತಿದ್ರು. ಇದನ್ನ ಬಂದ್ ಮಾಡಿ, ಗೋಡಿ ನೋಡಿಕೋತ ಹೇಳಿದ್ರು. ನಾನೂ ಕೇಳಿದ್ದೆ, ಕಾಕಾ ಚಿತ್ರ ನಿಂತೈತೆಲ್ಲ ಅಂತ. 'ನನಗ ಬಾಯಿಪಾಠ ಐತಿ' ಅಂದ್ರು."

"ಯಾವತ್ತು?"

"ಬಸವ ಜಯಂತಿ ಆಗಿ ನಾಕನೇ ದಿನ ಇರಬೇಕು. ಅವತ್ತಿಂದನ ಅವರು ನಮ್ಮ ಅಂಗಡಿಗೆ ಬರಾಕ ಹತ್ತಿದ್ದು. ಆ ಭಾಗ ಮೊದಲ ಹೇಳಿ, ಹಿಂದಿಂದೆಲ್ಲಾ ಆಮ್ಯಾಲ ಹೇಳಿದ್ರು."

ಮುಂದೆ ಹೇಳುತ್ತೇನೆ ಎಂದೆನಲ್ಲ, ಅದು ಇದೇ. ಹೋದ ವರ್ಷ ಬಸವ ಜಯಂತಿಯ ಸಂಜೆ ನಮ್ಮ ಪಡಸಾಲೆಯಲ್ಲಿ ಪುರಾಣ ಕೇಳಲು ಮೂವತ್ತು ಜನ ಸೇರಿದ್ದರು. ನಾನು ಹೊತ್ತಿಗೆ ಬಿಚ್ಚುತ್ತಿದ್ದೆ. ಚಂದ್ರಾಮ ತನ್ನ ಕೋಣೆಯಿಂದ ಕೆಂಪಗಾದ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದ. ಯಾರೋ, ಯಾಕೋ ಚಂದ್ರಾಮ ಎಂದು ಕೇಳಿದರು. ನಾನು ತಲೆಯೆತ್ತದೆ ಅಂದೆ: "ಅರವತ್ತಾರು ವರ್ಷದ ಗಂಡಸು, ಗೊಂಬಿ ಸತ್ತರ ಅಳತಾನ. ಹೇಣತಿ ಸತ್ತಾಗ ಒಂದು ಹನಿ ಬರಲಿಲ್ಲ." ಕೆಲವರು ನಕ್ಕರು. ಅವನು ಕೋಣೆಗೆ ಹಿಂತಿರುಗಿ ಬಾಗಿಲು ಹಾಕಿಕೊಂಡ. ನಾನು ಆ ದಿನ ಓದಿದ್ದು ದಯೆಯ ಅಧ್ಯಾಯ; ಚೆನ್ನಾಗಿ ಓದಿದೆ ಎಂದು ಎಲ್ಲರೂ ಅಂದರು. ಮರುದಿನ ಬೆಳಿಗ್ಗೆ ನೀರು ಕಾಯಿಸುತ್ತಿದ್ದ ಅವನ ಬೆನ್ನಿಗೆ, "ನಿನ್ನೆ ಏನೋ ಬಾಯಿಗೆ ಬಂತು, ತಪ್ಪಾತು ಬಿಡು," ಎಂದೆ. ಅವನು "ಹೂಂ ಅಣ್ಣಾ," ಎಂದ. ಮುಗಿಯಿತು ಎಂದುಕೊಂಡೆ. ಅವನು ಟ್ಯಾಬ್ ಹಿಡಿದು ಎದುರಿಗೆ ಹೋಗಿ ಕೂರಲು ಶುರು ಮಾಡಿದಾಗ, ಮನೆಯಲ್ಲಿ ಸದ್ದು ಕಡಿಮೆಯಾಯಿತು ಎಂದು ಸಂತೋಷಪಟ್ಟೆ. ಎರಡನೆಯ ಸಲ ನಾನು ಕೇಳಲಿಲ್ಲ.

ಮಧ್ಯಾಹ್ನ ನೀಲಮ್ಮ ಬಂದಳು. ಮೆಹಬೂಬಿ ಅಲ್ಲಿಯೇ ಇದ್ದಳು. ಮೇಜಿನ ಹಲಗೆ ನೆಲಕ್ಕಿಂತ ಒಂದೇ ಬೆರಳು ಮೇಲಿತ್ತು. ಟ್ಯಾಬ್ ನೆಲದ ಮೇಲೆಯೇ ಇಟ್ಟಂತೆ ಕಾಣುತ್ತಿತ್ತು. ನಾನು ಈ ಸಲ ಮಡಿಯುಡಲಿಲ್ಲ. ಅದರ ಮುಂದೆ ಕೈಯೂರಿ ಕುಳಿತೆ.

"ನಿನ್ನೆ ಹೇಳಿದ್ದು ಸುಳ್ಳು," ಎಂದೆ. "ಇಪ್ಪತ್ತೇಳನೇ ಭಾಗ ಇದರೊಳಗ ಎಲ್ಲಾಕಿಂತ ಸಡ್ಲ. ಮಗಳನ್ನ ಕತ್ತಲಿಗೆ ನೂಕಿದ ತಾಯಿ ಒಂದ ಮಾತು ಅಂದ್ಳು, ಮಗಳು ಓಡಿ ಬಂದ್ಳು. ಹಂಗ ಆಗಂಗಿಲ್ಲ. ಬರದವರಿಗೆ ಅವಸರ ಇತ್ತು, ಮುಂದಿನ ಜಗಳಕ್ಕ ಹೋಗಬೇಕಾಗಿತ್ತು. ವಾದ್ಯ ಬಾರಿಸಿ ಮುಚ್ಚಿ ಹಾಕ್ಯಾರ. ನಾ ಅದನ್ನ ಚೊಲೋ ಅಂದದ್ದು ಯಾಕಂದ್ರ, ನನಗ ಅದು ಹಂಗ ಇರಬೇಕಾಗಿತ್ತು. ಒಂದ ಮಾತಿಗೆ ಮುಗದು ಹೋಗಬೇಕಾಗಿತ್ತು. ನಾನೂ ಒಂದ ಮಾತು ಅಂದಾಂವ." ನೆಲಕ್ಕೆ ಊರಿದ್ದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. "ಈ ಕೊರತಿ ಮೊದಲ ಕಂಡಾಂವ ನಾ ಅಲ್ಲ, ನನ್ನ ತಮ್ಮ. ಕಂಡು, ಬೈಲಿಲ್ಲ. ಏಳು ದಿನ ಸೇರಿಸಿ ಸರಿ ಮಾಡಿದ. ಅವನ ಕತಿ ಅವರ ಕತಿಗಿಂತ ಚೊಲೋ ಐತಿ."

ಕಲ್ಲಿನ ಬಿರುಕುಗಳು ಒಂದೊಂದಾಗಿ ಕೂಡಿಕೊಂಡವು. ಕೊಳದ ನೀರು ಮೊಗ್ಗನ್ನು ಎತ್ತುವಷ್ಟು ಮೆಲ್ಲಗೆ ಮೇಜು ಏರಿತು. ನೀಲಮ್ಮ ಬೆರಳೆಣಿಸುವುದನ್ನು ಮರೆತು ನೋಡುತ್ತಿದ್ದಳು. ನನ್ನ ಎದೆಯ ಮಟ್ಟಕ್ಕೆ ಬಂದು ಅದು ನಿಂತಿತು. ಟ್ಯಾಬಿಗೆ ಕೈ ಹಾಕಿದೆ. ಇನ್ನೂ ಬರಲಿಲ್ಲ.

"ಗುಣ ಹೇಳಿಲ್ಲ ಮಾಸ್ತರ," ಎಂದಳು ನೀಲಮ್ಮ ಪಿಸುಮಾತಿನಲ್ಲಿ.

ಅದನ್ನು ಹುಡುಕಬೇಕಾಗಿರಲಿಲ್ಲ. "ಇದರ ಗುಣ, ಅನ್ನ," ಎಂದೆ. "ನಾ ನಲವತ್ತು ವರ್ಷ ಪುರಾಣ ಓದೀನಿ. ಅಸುರ ಬಂದ ಅಂತ ಓದೀನಿ, ಅಸುರ ಸತ್ತ ಅಂತ ಓದೀನಿ. ಅವನಿಗೆ ಹಸಿವಾಗಿತ್ತೇನು ಅಂತ ಒಮ್ಮೆರೆ ಕೇಳಲಿಲ್ಲ. ಈ ಗೊಂಬಿ ಹುಡುಗಿ ಕೇಳ್ತಾಳ. ಕೆಡವಿದ ಮ್ಯಾಲ ಬಾಯಿಗೆ ತುತ್ತು ಹಾಕಿ ಹೆಸರು ಕೇಳ್ತಾಳ. ನಲವತ್ತು ಭಾಗದಾಗ ಅರವತ್ತೆರಡು ಪ್ರಾಣಿ ಸಾಯ್ತಾವ. ಅರವತ್ತೆರಡಕ್ಕೂ ಹೆಸರೈತಿ. ಒಂದನ್ನೂ ಬಿಟ್ಟಿಲ್ಲ ಆಕಿ. ನನ್ನ ತಮ್ಮ ಅತ್ತದ್ದು ಗೊಂಬಿಗಲ್ಲ. ಹೆಸರಿಗೆ. ಅವನ ಹೇಣತಿ ದವಾಖಾನಿಯೊಳಗ ಸತ್ತಾಗ ಅಲ್ಲಿಯವರು ಆಕಿನ್ನ ಕಾಟಿನ ನಂಬರದಿಂದ ಕರದ್ರು. ನಾ ಅಲ್ಲೇ ಇದ್ದೆ. ಅವಾಗ ಅಳಾಕ ಅವನಿಗೆ ಯಾರೂ ಹೆಸರು ಕೊಡಲಿಲ್ಲ."

ಈ ಕೊನೆಯ ಮಾತು ನಾನು ಯೋಚಿಸಿ ಇಟ್ಟುಕೊಂಡದ್ದಲ್ಲ. ಬಾಯಿಂದ ಬಂದ ಮೇಲೆ ನಾನೂ ಅದನ್ನು ಅವರೊಂದಿಗೇ ಕೇಳಿದೆ. ಮೆಹಬೂಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಟ್ಯಾಬಿನ ಅಂಚಿಗೆ ಎರಡು ಬೆರಳು ತಾಗಿಸಿದೆ. ಒಣಗಿದ ಬಾಳೆಯೆಲೆಯಂತೆ ಅದು ಎದ್ದು ಬಂತು. ಅದಕ್ಕೆ ಅದರದೇ ತೂಕ ಮಾತ್ರ ಇತ್ತು. ಬಿಸಿಲಿಗೆ ಸ್ವಲ್ಪ ಬೆಚ್ಚಗಾಗಿತ್ತು.

"ಹ್ವಾದ್ರು," ಎಂದಳು ನೀಲಮ್ಮ. ಎದ್ದು ನಿಂತು ಕೈಮುಗಿದಳು.

ಅವರಿಬ್ಬರೂ ಹೋದ ಮೇಲೆ ಸ್ನಾನ ಮಾಡಿ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತೆ. ನಿತ್ಯದ ಮಂತ್ರಗಳನ್ನು ಹೇಳಲು ಹೊರಟು, ಅರ್ಧಕ್ಕೆ ಬಿಟ್ಟೆ. ಕೊನೆಗೆ ನನಗೆ ಬಂದ ಹಾಗೆ ಬೇಡಿಕೊಂಡೆ.

ಶಿವನೇ, ಚಂದ್ರಾಮ ನಿನ್ನ ಕಡೆಗೆ ಬಂದಿದ್ದಾನೆ. ಮಾತು ಕಡಿಮೆ ಅವನದು. ನೀನೇ ಮೊದಲು ಮಾತನಾಡಿಸು, ಹೆಸರು ಹಿಡಿದು ಕರೆ. ಅವನ ಕಣ್ಣು ಮಂಜಾಗಿದ್ದವು, ಬೆಳಕು ಇರುವ ಕಡೆ ಕೂರಿಸು. ಅವನ ಹೆಂಡತಿ ಗೌರಮ್ಮ ಅಲ್ಲಿ ಎಲ್ಲಿದ್ದಾಳೋ ಅಲ್ಲಿಗೆ ದಾರಿ ತೋರಿಸು. ಅಣ್ಣನನ್ನು ಕ್ಷಮಿಸು ಎಂದು ನೀನು ಅವನಿಗೆ ಹೇಳಬೇಡ. ಅದು ನಾನು ದಿನಾ ಬಂದು ಕೇಳಬೇಕಾದ ಮಾತು, ನಾಳೆಯೂ ಕೇಳುತ್ತೇನೆ, ಅವನು ಒಪ್ಪದಿದ್ದರೂ ಕೇಳುತ್ತೇನೆ. ಅದಕ್ಕಾಗಿ ಅವನ ನಿದ್ದೆ ಕೆಡದಿರಲಿ. ಬಹಳ ದಿನ ದಣಿದು ಬದುಕಿದ ಜೀವ. ಅವನಿಗೆ ಹಸಿವಿರದಿರಲಿ, ಭಾರವಿರದಿರಲಿ, ಯಾರ ನಗೆಯೂ ಕೇಳಿಸದಿರಲಿ. ನನ್ನ ತಮ್ಮನಿಗೆ ಶಾಂತಿ ಕೊಡು, ತಂದೆ.